ವರೋಶಾ ನೋಡಲು ಹೋಗುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಸೈಪ್ರಸ್ ದ್ವೀಪದ ಪೂರ್ವ ಕರಾವಳಿಯಲ್ಲಿ ಅರ್ಧ ಶತಮಾನದಿಂದ ಪಾಳುಬಿದ್ದಿರುವ ವಿಹಾರನಗರಿ ವರೋಶಾವನ್ನು ನೋಡಬಯಸುವವರ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ದಾರಿ, ವೀಸಾ, ವಿಮೆಗಳ ವಿವರ ಬೇಕಾದದ್ದೇ. ಆದರೆ ಈ ಊರಿನ ಪ್ರತಿಯೊಂದು ಮನೆಗೂ ಹಕ್ಕುದಾರರಿದ್ದಾರೆ, ಅವರಲ್ಲಿ ಅನೇಕರು ಇಂದಿಗೂ ಕೆಲವೇ ಮೈಲಿ ದೂರದಲ್ಲಿ ಬದುಕುತ್ತಿದ್ದಾರೆ ಎಂಬುದನ್ನು ತಿಳಿಯದೆ ಹೋದವರಿಗೆ ಅಲ್ಲಿ ಒಡೆದ ಕಿಟಕಿಗಳಲ್ಲದೆ ಬೇರೇನೂ ಕಾಣುವುದಿಲ್ಲ. ಆದ್ದರಿಂದ ಇತಿಹಾಸದ ಪ್ರಶ್ನೆಗಳನ್ನು ಮೊದಲಿಗೂ ಪ್ರಯಾಣದವನ್ನು ಅನಂತರಕ್ಕೂ ಇಟ್ಟಿದ್ದೇವೆ.

ವರೋಶಾ ಎಂದರೆ ಯಾವ ಊರು? ಅದು ಮೊದಲು ಹೇಗಿತ್ತು?

ವರೋಶಾ ಸ್ವತಂತ್ರ ಊರಲ್ಲ, ಫಮಗುಸ್ತಾ ನಗರದ ದಕ್ಷಿಣ ಭಾಗ. ತುರ್ಕಿ ಭಾಷೆಯಲ್ಲಿ ಇದನ್ನು ಮರಾಶ್ ಎನ್ನುತ್ತಾರೆ. 1571ರಲ್ಲಿ ಒಟ್ಟೊಮನ್ ಸೇನೆ ವೆನಿಸ್‌ನವರಿಂದ ಫಮಗುಸ್ತಾ ಕೋಟೆಯನ್ನು ಗೆದ್ದುಕೊಂಡ ಮೇಲೆ ಕ್ರೈಸ್ತರು ಕೋಟೆಯ ಹೊರಗೆ ನೆಲೆಸಬೇಕಾಯಿತು. ಹಾಗೆ ಹುಟ್ಟಿದ ತೋಟಗಳ ನಡುವಿನ ವಸತಿಯೇ ಬೆಳೆಯುತ್ತ ಬಂದು, ಇಪ್ಪತ್ತನೆಯ ಶತಮಾನದ ಹೊತ್ತಿಗೆ ಹಳೆಯ ಕೋಟೆಗಿಂತ ದೊಡ್ಡ ಪೇಟೆಯಾಯಿತು. ಪಕ್ಕದಲ್ಲೇ ದ್ವೀಪದ ಮುಖ್ಯ ಬಂದರು, ಸುತ್ತ ಕಿತ್ತಳೆ ತೋಟಗಳು, ಎದುರಿಗೆ ನಯವಾದ ಮರಳಿನ ಕಡಲತೀರ. 1960ರಲ್ಲಿ ಸೈಪ್ರಸ್ ಬ್ರಿಟಿಷರಿಂದ ಸ್ವತಂತ್ರವಾದ ನಂತರದ ಹದಿನಾಲ್ಕೇ ವರ್ಷಗಳಲ್ಲಿ ಈ ತೀರದುದ್ದಕ್ಕೂ ಬಹುಮಹಡಿ ಹೋಟೆಲುಗಳು ಸಾಲಾಗಿ ಎದ್ದವು.

ಜಾನ್ ಎಫ್. ಕೆನಡಿ ಅವೆನ್ಯೂ ಅಂದಿನ ಪ್ರತಿಷ್ಠೆಯ ಬೀದಿಯಾಗಿತ್ತು. ಅಲ್ಲಿನ ಆರ್ಗೊ ಹೋಟೆಲು ನಟಿ ಎಲಿಜಬೆತ್ ಟೇಲರ್ ಅವರಿಗೆ ಅಚ್ಚುಮೆಚ್ಚಿನದಾಗಿತ್ತು ಎಂದು ವರೋಶಾದ ಕುರಿತ ಪ್ರತಿಯೊಂದು ಬರಹವೂ ಹೇಳುತ್ತದೆ. ರಿಚರ್ಡ್ ಬರ್ಟನ್, ಬ್ರಿಜಿತ್ ಬಾರ್ದೋ ಅವರ ಹೆಸರುಗಳೂ ಆ ಪಟ್ಟಿಯಲ್ಲಿ ತಪ್ಪದೆ ಬರುತ್ತವೆ. ಆದರೆ ಈ ಊರು ತಾರೆಯರದ್ದಾಗಿರಲಿಲ್ಲ. ಇಲ್ಲಿ ವಾಸವಿದ್ದ ಸುಮಾರು 39,000 ಜನರಲ್ಲಿ ಬಹುಪಾಲು ಗ್ರೀಕ್ ಸೈಪ್ರಿಯಟರು; ಅಂಗಡಿಕಾರರು, ಶಿಕ್ಷಕರು, ಬಂದರಿನ ಕೆಲಸಗಾರರು, ಹೋಟೆಲಿನ ಅಡುಗೆಯವರು.

ಇಷ್ಟು ದೊಡ್ಡ ಪೇಟೆ ಒಮ್ಮೆಲೇ ಖಾಲಿಯಾದದ್ದು ಹೇಗೆ? ಚಂಡಮಾರುತವೋ ಭೂಕಂಪವೋ ಆಗಿತ್ತೆ?

ಇಲ್ಲ. 1964ರ ಡಿಸೆಂಬರಿನ ಚಂಡಮಾರುತಕ್ಕೆ ಸಿಕ್ಕಿ ಅಳಿದ ಧನುಷ್ಕೋಡಿಯನ್ನು ನೋಡಿದವರಿಗೆ ಈ ಪ್ರಶ್ನೆ ಸಹಜವಾಗಿಯೇ ಹುಟ್ಟುತ್ತದೆ. ಆದರೆ ವರೋಶಾದ ಪಾಳುತನದಲ್ಲಿ ಪ್ರಕೃತಿಯ ಪಾತ್ರವಿಲ್ಲ; ಅದು ಯುದ್ಧದಿಂದ ಆರಂಭವಾಗಿ ರಾಜಕಾರಣದಿಂದ ಮುಂದುವರಿದದ್ದು.

1960ರ ಸಂವಿಧಾನವು ಗ್ರೀಕ್ ಮತ್ತು ತುರ್ಕಿ ಸೈಪ್ರಿಯಟರು ಅಧಿಕಾರವನ್ನು ಹಂಚಿಕೊಳ್ಳಬೇಕೆಂದು ವಿಧಿಸಿತ್ತು. ಬ್ರಿಟನ್, ಗ್ರೀಸ್ ಮತ್ತು ತುರ್ಕಿ ಈ ಏರ್ಪಾಡಿಗೆ ಖಾತರಿ ರಾಷ್ಟ್ರಗಳಾಗಿದ್ದವು. ಆ ಹೊಂದಾಣಿಕೆ 1963ರ ಕೊನೆಯಲ್ಲೇ ಮುರಿದುಬಿತ್ತು. ಆಗಿನ ಹಿಂಸಾಚಾರದಲ್ಲಿ ಸುಮಾರು 25,000 ತುರ್ಕಿ ಸೈಪ್ರಿಯಟರು ತಮ್ಮ ಹಳ್ಳಿಗಳನ್ನು ತೊರೆದು ಇಕ್ಕಟ್ಟಾದ ಪ್ರತ್ಯೇಕ ವಸತಿಗಳಲ್ಲಿ ಬದುಕಬೇಕಾಯಿತು. 1974ರ ಜುಲೈ 15ರಂದು ಗ್ರೀಸ್‌ನ ಸೇನಾಡಳಿತದ ಬೆಂಬಲದಿಂದ ನಡೆದ ಕ್ಷಿಪ್ರಕ್ರಾಂತಿಯು ಅಧ್ಯಕ್ಷ ಆರ್ಚ್‌ಬಿಷಪ್ ಮಕಾರಿಯೊಸ್ ಅವರನ್ನು ಪದಚ್ಯುತಗೊಳಿಸಿತು. ಇದಾದ ಐದನೆಯ ದಿನ, ಅಂದರೆ ಜುಲೈ 20ರಂದು, ತುರ್ಕಿಯ ಸೇನೆ ದ್ವೀಪದ ಉತ್ತರ ತೀರದಲ್ಲಿ ಇಳಿಯಿತು.

ವರೋಶಾಕ್ಕೆ ನಿರ್ಣಾಯಕವಾದದ್ದು ಆಗಸ್ಟ್ 14ರಂದು ಆರಂಭವಾದ ಎರಡನೆಯ ಹಂತದ ದಾಳಿ. ಬಾಂಬ್ ದಾಳಿಗೆ ಹೆದರಿದ ನಿವಾಸಿಗಳು ಕೈಗೆ ಸಿಕ್ಕಿದ್ದನ್ನು ಹಿಡಿದು ದಕ್ಷಿಣದ ಕಡೆಗೆ ಹೊರಟರು. ನಾಲ್ಕಾರು ದಿನಗಳಲ್ಲಿ ಮರಳಿ ಬರುತ್ತೇವೆಂದೇ ಅವರೆಲ್ಲ ನಂಬಿದ್ದರು. ಆಗಸ್ಟ್ 16ರಂದು ಕದನ ವಿರಾಮ ಜಾರಿಗೆ ಬಂದಾಗ ಊರು ತುರ್ಕಿ ಸೇನೆಯ ವಶದಲ್ಲಿತ್ತು. ಸೇನೆ ಸುತ್ತ ಬೇಲಿ ಹಾಕಿತು. ಹೊರಟವರು ಮತ್ತೆ ಮನೆ ಸೇರಲಿಲ್ಲ.

ಗೆದ್ದುಕೊಂಡ ಊರಿನಲ್ಲಿ ತಮ್ಮವರನ್ನು ನೆಲೆಗೊಳಿಸದೆ ಖಾಲಿಯಾಗಿ ಇಟ್ಟದ್ದು ಏಕೆ?

ತುರ್ಕಿ ಸೇನೆಯ ವಶದಲ್ಲಿ ಉಳಿದ ಉತ್ತರ ಸೈಪ್ರಸ್‌ನ ಬೇರೆ ಊರುಗಳಲ್ಲಿ ಗ್ರೀಕ್ ಸೈಪ್ರಿಯಟರು ಬಿಟ್ಟುಹೋದ ಮನೆಗಳಿಗೆ ದಕ್ಷಿಣದಿಂದ ಬಂದ ತುರ್ಕಿ ಸೈಪ್ರಿಯಟರೂ ತುರ್ಕಿಯಿಂದ ಬಂದವರೂ ಸೇರಿಕೊಂಡರು. ವರೋಶಾದ ಬೇಲಿಯೊಳಗಿನ ಭಾಗವನ್ನು ಮಾತ್ರ ಸೇನೆ ಮುಟ್ಟಗೊಡಲಿಲ್ಲ. ಮಾತುಕತೆಯ ಮೇಜಿನ ಮೇಲೆ ಕೊಡುವುದಕ್ಕೋ ಚೌಕಾಸಿ ಮಾಡುವುದಕ್ಕೋ ಒಂದು ಬೆಲೆಬಾಳುವ ವಸ್ತು ಇರಲಿ ಎಂಬುದೇ ಅದರ ಹಿಂದಿನ ಲೆಕ್ಕವೆಂದು ಬಹುತೇಕ ವೀಕ್ಷಕರು ಹೇಳುತ್ತಾರೆ, ಮತ್ತು ನಂತರದ ಘಟನೆಗಳನ್ನು ನೋಡಿದರೆ ಹಾಗೆಯೇ ಅನ್ನಿಸುತ್ತದೆ.

1979ರ ಮೇ ತಿಂಗಳಲ್ಲಿ ಎರಡೂ ಸಮುದಾಯಗಳ ನಾಯಕರು ಮಾಡಿಕೊಂಡ ಹತ್ತು ಅಂಶಗಳ ಒಪ್ಪಂದದಲ್ಲಿ ವರೋಶಾದ ಪುನರ್ವಸತಿಗೆ ಆದ್ಯತೆ ಕೊಡಲಾಗಿತ್ತು, ಕಾರ್ಯಗತವಾಗಲಿಲ್ಲ. 1984ರಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯು ತನ್ನ 550ನೆಯ ನಿರ್ಣಯದಲ್ಲಿ, ಮೂಲ ನಿವಾಸಿಗಳಲ್ಲದವರನ್ನು ವರೋಶಾದ ಯಾವ ಭಾಗದಲ್ಲಿಯೂ ನೆಲೆಗೊಳಿಸುವುದು ಒಪ್ಪತಕ್ಕದ್ದಲ್ಲವೆಂದೂ ಆ ಪ್ರದೇಶವನ್ನು ವಿಶ್ವಸಂಸ್ಥೆಯ ಆಡಳಿತಕ್ಕೆ ವಹಿಸಬೇಕೆಂದೂ ಹೇಳಿತು. 1992ರ 789ನೆಯ ನಿರ್ಣಯವು ಅದರ ಪಾಲನೆಗಾಗಿ ಮತ್ತೆ ಒತ್ತಾಯಿಸಿತು. 2004ರ ಏಪ್ರಿಲ್ 24ರಂದು ಜನಮತಕ್ಕೆ ಹೋದ ಅನ್ನಾನ್ ಯೋಜನೆ, ಅಂದರೆ ದ್ವೀಪವನ್ನು ಮತ್ತೆ ಒಂದಾಗಿಸಲು ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಕೋಫಿ ಅನ್ನಾನ್ ಮುಂದಿಟ್ಟ ಯೋಜನೆ, ಅಂಗೀಕಾರವಾಗಿದ್ದರೆ ವರೋಶಾ ಅದರ ಜನರಿಗೆ ಮರಳುತ್ತಿತ್ತು. ತುರ್ಕಿ ಸೈಪ್ರಿಯಟರಲ್ಲಿ ಸುಮಾರು ಶೇ. 65ರಷ್ಟು ಮತದಾರರು ಅದನ್ನು ಒಪ್ಪಿದರು. ಬೇರೆ ಕಾರಣಗಳಿಗಾಗಿ ಗ್ರೀಕ್ ಸೈಪ್ರಿಯಟರಲ್ಲಿ ಸುಮಾರು ಶೇ. 76ರಷ್ಟು ಮತದಾರರು ತಿರಸ್ಕರಿಸಿದರು. ಬೇಲಿ ಅಲ್ಲೇ ಉಳಿಯಿತು.

ಈಗ ಒಳಗೆ ಹೋಗಬಹುದು ಎನ್ನುತ್ತಾರಲ್ಲ, ಊರು ಪೂರ್ತಿ ತೆರೆದಿದೆಯೆ?

ಪೂರ್ತಿ ತೆರೆದಿಲ್ಲ. 2020ರ ಅಕ್ಟೋಬರ್ 8ರಂದು ತುರ್ಕಿ ಸೈಪ್ರಿಯಟರ ಉತ್ತರದ ಆಡಳಿತವು ತುರ್ಕಿಯ ಬೆಂಬಲದೊಂದಿಗೆ ಕಡಲತೀರದ ಒಂದು ಭಾಗವನ್ನೂ ಕೆಲವು ಮುಖ್ಯ ಬೀದಿಗಳನ್ನೂ ಸಾರ್ವಜನಿಕರಿಗೆ ತೆರೆಯಿತು. 2021ರ ಜುಲೈನಲ್ಲಿ ಬೇಲಿಯೊಳಗಿನ ಪ್ರದೇಶದ ಶೇ. 3.5ರಷ್ಟನ್ನು ಸೇನಾವಲಯದಿಂದ ಹೊರತರುವುದಾಗಿ ಪ್ರಕಟಿಸಿತು. ಭದ್ರತಾ ಮಂಡಳಿಯು ಅದನ್ನು ಖಂಡಿಸಿ ಅಧ್ಯಕ್ಷೀಯ ಹೇಳಿಕೆ ನೀಡಿತು. ಸುಮಾರು ಆರು ಚದರ ಕಿಲೋಮೀಟರು ವಿಸ್ತೀರ್ಣದ ಈ ಪ್ರದೇಶದ ಬಹುಭಾಗ ಇಂದಿಗೂ ಸೇನೆಯ ನಿರ್ಬಂಧಿತ ವಲಯವೇ. ಸಂದರ್ಶಕರಿಗೆ ಗುರುತಿಸಿದ ರಸ್ತೆಗಳಲ್ಲಿ ಮತ್ತು ತೀರದಲ್ಲಿ ಮಾತ್ರ ಓಡಾಡಲು ಅವಕಾಶವಿದೆ.

ಭೇಟಿ ಕೊಡುವುದು ಕಾನೂನುಬದ್ಧವೆ? ಯಾವ ಮಾರ್ಗವಾಗಿ ಹೋಗಬೇಕು?

ಇದಕ್ಕೆ ಉತ್ತರ ನೀವು ದ್ವೀಪವನ್ನು ಎಲ್ಲಿಂದ ಪ್ರವೇಶಿಸುತ್ತೀರಿ ಎಂಬುದನ್ನು ಅವಲಂಬಿಸಿದೆ. ಹೋಗುವವರು ಅತಿ ಹೆಚ್ಚು ಎಡವುವುದೂ ಇಲ್ಲಿಯೇ.

ಅಂತರರಾಷ್ಟ್ರೀಯ ಸಮುದಾಯದ ದೃಷ್ಟಿಯಲ್ಲಿ ಇಡೀ ದ್ವೀಪಕ್ಕೆ ಇರುವುದು ಒಂದೇ ರಾಷ್ಟ್ರ, ಸೈಪ್ರಸ್ ಗಣರಾಜ್ಯ. 1983ರ ನವೆಂಬರಿನಲ್ಲಿ ಘೋಷಣೆಯಾದ ಉತ್ತರ ಸೈಪ್ರಸ್ ತುರ್ಕಿ ಗಣರಾಜ್ಯವನ್ನು ತುರ್ಕಿಯೊಂದೇ ಮಾನ್ಯ ಮಾಡಿದೆ. ಭದ್ರತಾ ಮಂಡಳಿಯ 541ನೆಯ ನಿರ್ಣಯವು ಆ ಘೋಷಣೆಯನ್ನು ಕಾನೂನಿನ ದೃಷ್ಟಿಯಿಂದ ಅಸಿಂಧು ಎಂದು ಸಾರಿದೆ. ಹೀಗಾಗಿ ತುರ್ಕಿಯ ಮೂಲಕ ಉತ್ತರದ ಎರ್ಜಾನ್ ವಿಮಾನ ನಿಲ್ದಾಣಕ್ಕೋ, ಹಡಗಿನಲ್ಲಿ ಕಿರೇನಿಯಾ ಅಥವಾ ಫಮಗುಸ್ತಾ ಬಂದರಿಗೋ ಬಂದಿಳಿಯುವುದನ್ನು ಸೈಪ್ರಸ್ ಗಣರಾಜ್ಯವು ಅಕ್ರಮ ಪ್ರವೇಶವೆಂದು ಪರಿಗಣಿಸುತ್ತದೆ. ಹಾಗೆ ಬಂದ ಐರೋಪ್ಯ ಒಕ್ಕೂಟದ ಹೊರಗಿನ ಪ್ರಜೆಗಳನ್ನು ದಕ್ಷಿಣಕ್ಕೆ ದಾಟಗೊಡದೆ ಇರಬಹುದು.

ಇದಕ್ಕೆ ಬದಲಾಗಿ, ಲಾರ್ನಕಾ ಅಥವಾ ಪಾಫೊಸ್ ವಿಮಾನ ನಿಲ್ದಾಣದಲ್ಲಿ ಇಳಿದು ಗಣರಾಜ್ಯದ ಪ್ರವೇಶ ಮುದ್ರೆ ಹಾಕಿಸಿಕೊಂಡವರು ಅಧಿಕೃತ ಚೆಕ್‌ಪೋಸ್ಟ್‌ಗಳ ಮೂಲಕ ಉತ್ತರಕ್ಕೆ ಹೋಗಿ ಅದೇ ದಿನವೋ ಮರುದಿನವೋ ಮರಳಬಹುದು. 2003ರ ಏಪ್ರಿಲಿನಲ್ಲಿ ಈ ಚೆಕ್‌ಪೋಸ್ಟ್‌ಗಳು ತೆರೆದಾಗಿನಿಂದ ಅಸಂಖ್ಯ ಪ್ರವಾಸಿಗಳು ಹೀಗೆಯೇ ಓಡಾಡಿದ್ದಾರೆ. ನಮ್ಮ ಸಲಹೆಯೂ ಈ ಮಾರ್ಗವೇ.

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಯಾವ ವೀಸಾ ಬೇಕು?

ಸೈಪ್ರಸ್ ಗಣರಾಜ್ಯದ ವೀಸಾ ಬೇಕು. ಸೈಪ್ರಸ್ 2004ರ ಮೇ 1ರಂದು ಐರೋಪ್ಯ ಒಕ್ಕೂಟವನ್ನು ಸೇರಿದರೂ ಒಂದೇ ವೀಸಾದಲ್ಲಿ ಯುರೋಪಿನ ಹಲವು ದೇಶಗಳನ್ನು ಸುತ್ತಬಹುದಾದ ಷೆಂಗೆನ್ ವಲಯದ ಭಾಗ ಆಗಲೇ ಆಗಲಿಲ್ಲ; ಸೇರುವ ಪ್ರಯತ್ನ ಆಮೇಲೆ ಆರಂಭವಾದದ್ದು. ಆದ್ದರಿಂದ ಯಾವುದೋ ಹಳೆಯ ಪ್ರವಾಸ ಕಥನವನ್ನು ನಂಬಿ ಟಿಕೆಟ್ ಕೊಳ್ಳದೆ, ಹೊಸದಿಲ್ಲಿಯಲ್ಲಿರುವ ಸೈಪ್ರಸ್ ಹೈಕಮಿಷನ್ನಿನಿಂದ ಆಯಾ ಸಮಯದ ನಿಯಮವನ್ನು ಖಚಿತಪಡಿಸಿಕೊಳ್ಳುವುದು ಅಗತ್ಯ. ಚೆಕ್‌ಪೋಸ್ಟ್‌ನಲ್ಲಿ ಎರಡೂ ಕಡೆಯ ಅಧಿಕಾರಿಗಳು ಪಾಸ್‌ಪೋರ್ಟ್ ನೋಡುತ್ತಾರೆ. ನಕಲು ಪ್ರತಿ ಅಥವಾ ಫೋನಿನಲ್ಲಿರುವ ಚಿತ್ರ ಸಾಲದು.

ಚೆಕ್‌ಪೋಸ್ಟ್ ಯಾವುದು? ಬಾಡಿಗೆ ಕಾರಿನಲ್ಲಿ ಹೋಗಬಹುದೆ?

ವರೋಶಾಕ್ಕೆ ಅತಿ ಸಮೀಪದ್ದು 2018ರ ನವೆಂಬರಿನಲ್ಲಿ ತೆರೆದ ದೆರಿನಿಯಾ ಚೆಕ್‌ಪೋಸ್ಟ್. ಧೆಕೇಲಿಯಾದ ಬ್ರಿಟಿಷ್ ಸೇನಾನೆಲೆಯ ಪ್ರದೇಶವನ್ನು ಹಾದುಹೋಗುವ ಸ್ಟ್ರೊವಿಲಿಯಾ ಇನ್ನೊಂದು. ನಿಕೋಸಿಯಾದಲ್ಲಿ ತಂಗಿರುವವರು ಅಲ್ಲಿಯೇ ದಾಟಿ, ಉತ್ತರದ ಭಾಗದಿಂದ ಫಮಗುಸ್ತಾಕ್ಕೆ ಬಸ್ಸು ಹಿಡಿಯುವುದೂ ಉಂಟು.

ಕಾರಿನ ವಿಷಯದಲ್ಲಿ ಎಚ್ಚರ ಬೇಕು. ದಕ್ಷಿಣದಲ್ಲಿ ಕಾರು ಬಾಡಿಗೆಗೆ ಕೊಡುವ ಅನೇಕರು ಅದನ್ನು ಉತ್ತರಕ್ಕೆ ಒಯ್ಯಲು ಒಪ್ಪುವುದಿಲ್ಲ. ಒಪ್ಪಿದರೂ ಅವರ ವಿಮೆ ದ್ವೀಪವನ್ನು ಇಬ್ಭಾಗಿಸುವ ಗೆರೆಯಾಚೆಗೆ ಅನ್ವಯವಾಗುವುದಿಲ್ಲವಾದ್ದರಿಂದ ಉತ್ತರಕ್ಕೆಂದೇ ಪ್ರತ್ಯೇಕ ವಿಮೆ ಮಾಡಿಸಬೇಕು. ಅದು ಸಾಮಾನ್ಯವಾಗಿ ಎದುರಿನವರಿಗಾದ ಹಾನಿಯನ್ನಷ್ಟೇ ಭರಿಸುತ್ತದೆ. ನೀವು ತಂದ ಕಾರಿಗೆ ಆದ ಜಖಂ ನಿಮ್ಮ ತಲೆಗೇ. ಕಾರನ್ನು ಈ ಕಡೆಯೇ ನಿಲ್ಲಿಸಿ, ನಡೆದು ದಾಟಿ, ಆ ಕಡೆ ಟ್ಯಾಕ್ಸಿ ಹಿಡಿಯುವುದು ಹೆಚ್ಚು ನೆಮ್ಮದಿಯ ಉಪಾಯ. ದ್ವೀಪದ ಎರಡೂ ಭಾಗಗಳಲ್ಲಿ ವಾಹನಗಳು ಎಡಬದಿಯಲ್ಲೇ ಚಲಿಸುತ್ತವೆ.

ಹಣ ಮತ್ತು ಫೋನು?

ದಕ್ಷಿಣದಲ್ಲಿ ಯೂರೊ, ಉತ್ತರದಲ್ಲಿ ತುರ್ಕಿ ಲಿರಾ. ಉತ್ತರದ ಅನೇಕ ಅಂಗಡಿಗಳಲ್ಲಿ ಯೂರೊ ನಡೆಯುತ್ತದೆ, ಚಿಲ್ಲರೆ ಮಾತ್ರ ಲಿರಾದಲ್ಲಿ ಬರುತ್ತದೆ. ದಕ್ಷಿಣದ ಸಿಮ್ ಉತ್ತರದಲ್ಲಿ ತುರ್ಕಿಯ ಜಾಲಕ್ಕೆ ಬದಲಾದರೆ ರೋಮಿಂಗ್ ಶುಲ್ಕ ವಿಪರೀತವಾಗಿ ಏರುತ್ತದೆ. ದಾಟುವ ಮೊದಲೇ ಡೇಟಾ ಆರಿಸಿಡಿ, ನಕ್ಷೆಯನ್ನು ಇಳಿಸಿಕೊಂಡಿರಿ.

ಒಳಗೆ ಹೋದರೆ ಏನು ನೋಡಸಿಗುತ್ತದೆ?

ಪ್ರವೇಶದ್ವಾರದಲ್ಲಿ ಕಾವಲಿನವರಿರುತ್ತಾರೆ, ಪ್ರವೇಶ ಶುಲ್ಕವಿಲ್ಲ. ತೆರೆಯುವ ಮುಚ್ಚುವ ವೇಳೆ ಋತುವಿಗೆ ತಕ್ಕಂತೆ ಬದಲಾಗುವುದರಿಂದ ಮುಂಚಿತವಾಗಿ ವಿಚಾರಿಸಬೇಕು. ಸ್ವಂತ ವಾಹನವನ್ನು ಹೊರಗೆ ಬಿಟ್ಟು ನಡೆಯಬೇಕು, ಇಲ್ಲವೆ ಅಲ್ಲಿಯೇ ಬಾಡಿಗೆಗೆ ಸಿಗುವ ಸೈಕಲ್ಲನ್ನೋ ವಿದ್ಯುತ್ ಸ್ಕೂಟರನ್ನೋ ಹಿಡಿಯಬೇಕು.

ಮೊದಲ ನೋಟಕ್ಕೆ ತಬ್ಬಿಬ್ಬುಗೊಳಿಸುವುದು ಕಾಲಡಿಯ ರಸ್ತೆ. ಹೊಸದಾಗಿ ಹಾಕಿದ ನುಣುಪಾದ ಡಾಂಬರಿನ ಎರಡೂ ಬದಿಗೆ ಹಗ್ಗ ಕಟ್ಟಿದ್ದಾರೆ; ಹಗ್ಗದಾಚೆಗೆ ಬಾಗಿಲು ಕಿಟಕಿಗಳಿಲ್ಲದ ಕಟ್ಟಡಗಳು. ಅಂಗಡಿಗಳ ಮೇಲೆ ಗ್ರೀಕ್ ಮತ್ತು ಇಂಗ್ಲಿಷ್ ಅಕ್ಷರಗಳ ಫಲಕಗಳು ಅಲ್ಲಲ್ಲಿ ಓದಲು ಬರುವಷ್ಟು ಉಳಿದಿವೆ. ಬ್ಯಾಂಕು, ಶಾಲೆ, ಚರ್ಚು, ಚಿತ್ರಮಂದಿರ, ಒಂದು ನಗರಕ್ಕೆ ಬೇಕಾದದ್ದೆಲ್ಲ ಇತ್ತು ಎಂಬುದು ನಡೆಯುತ್ತ ಹೋದಂತೆ ಅರಿವಾಗುತ್ತದೆ. ವಸತಿ ಬೀದಿಗಳ ಅಂಗಳಗಳಲ್ಲಿ ಪಾಪಾಸುಕಳ್ಳಿಯೂ ಬೋಗನ್‌ವಿಲ್ಲಾವೂ ಮನೆಗಳ ಎತ್ತರಕ್ಕೆ ಬೆಳೆದಿವೆ. ತೀರದಲ್ಲಿ ಹೋಟೆಲುಗಳ ಸಾಲು ಒಂದೇ ನೋಟದಲ್ಲಿ ಕಾಣುತ್ತದೆ. ಬಾಲ್ಕನಿಗಳು ಕಳಚಿಬಿದ್ದ ಗೋಡೆಗಳ ಕೆಳಗೆ ಕೊಡೆ ಬಿಡಿಸಿ ಬಿಸಿಲು ಕಾಯುವ ಜನರೂ ಇರುತ್ತಾರೆ. ಈ ಎರಡು ದೃಶ್ಯಗಳನ್ನು ಒಟ್ಟಿಗೆ ನೋಡುವುದು ಎಲ್ಲರಿಗೂ ಸುಲಭವಲ್ಲ.

1974ರಲ್ಲಿ ಬಿಟ್ಟುಹೋದ ಹಾಗೆಯೇ ಎಲ್ಲವೂ ಇದೆ, ಊಟದ ಮೇಜಿನ ಮೇಲೆ ತಟ್ಟೆಗಳೂ ಹಾಗೆಯೇ ಇವೆ ಎನ್ನುವುದು ನಿಜವೆ?

ಈಗ ನಿಜವಲ್ಲ. 1977ರಲ್ಲಿ ಬೇಲಿಯೊಳಕ್ಕೆ ಇಣುಕುವ ಅವಕಾಶ ಪಡೆದ ಸ್ವೀಡನ್ನಿನ ಪತ್ರಕರ್ತರೊಬ್ಬರು ಸಜ್ಜಾಗಿ ನಿಂತ ಉಪಾಹಾರದ ಮೇಜುಗಳನ್ನೂ ಒಣಹಾಕಿದ ಬಟ್ಟೆಗಳನ್ನೂ ವರ್ಣಿಸಿ ಬರೆದರು. ಆ ಚಿತ್ರ ಜಗತ್ತಿನ ಕಲ್ಪನೆಯಲ್ಲಿ ಎಷ್ಟು ಗಟ್ಟಿಯಾಗಿ ಕುಳಿತಿತೆಂದರೆ, ‘ಕಾಲ ನಿಂತುಹೋದ ಊರು’ ಎಂಬ ಶೀರ್ಷಿಕೆಯನ್ನು ಇಂದಿಗೂ ಬರೆಯುತ್ತಿದ್ದಾರೆ. ವಾಸ್ತವದಲ್ಲಿ ಪೀಠೋಪಕರಣ, ಹೋಟೆಲಿನ ಸಾಮಗ್ರಿ, ಕೊಳವೆ, ಬಾಗಿಲ ಚೌಕಟ್ಟುಗಳವರೆಗೆ ಎಲ್ಲವನ್ನೂ ವರ್ಷಗಟ್ಟಲೆ ದೋಚಲಾಯಿತು. ನಿಮಗೆ ಕಾಣುವ ಬೋಳು ಕೋಣೆಗಳನ್ನು ಬರಿದುಮಾಡಿದ್ದು ಮನುಷ್ಯರ ಕೈ. ಕಾಲ ಇಲ್ಲಿ ಒಂದು ದಿನವೂ ನಿಂತಿಲ್ಲ. ಉಪ್ಪುಗಾಳಿಯಲ್ಲಿ ಅದು ಬೇರೆಡೆಗಿಂತ ವೇಗವಾಗಿಯೇ ಓಡಿದೆ.

ಕಟ್ಟಡಗಳ ಒಳಗೆ ಹೋಗಬಹುದೆ?

ಹೋಗಬಾರದು. ನಿಷೇಧದ ಫಲಕಗಳು ಎಲ್ಲೆಡೆ ಇವೆ, ಕಾವಲಿನವರು ಸೀಟಿ ಊದಿ ಹಿಂದಕ್ಕೆ ಕರೆಯುತ್ತಾರೆ. ನಿಷೇಧವಿಲ್ಲದಿದ್ದರೂ ಹೋಗಬಾರದೆನ್ನಲು ಸರಳವಾದ ಕಾರಣವಿದೆ.

ಕಾಂಕ್ರೀಟಿನೊಳಗಿನ ಕಬ್ಬಿಣದ ಸರಳುಗಳನ್ನು ಅದರ ಕ್ಷಾರಗುಣವೇ ತುಕ್ಕಿನಿಂದ ಕಾಯುತ್ತಿರುತ್ತದೆ. ಕಡಲ ಗಾಳಿ ತರುವ ಉಪ್ಪಿನ ಕ್ಲೋರೈಡ್ ಅಂಶ ನಿಧಾನವಾಗಿ ಒಳಕ್ಕೆ ಇಳಿದು ಆ ರಕ್ಷಣಾಪದರವನ್ನು ಕೆಡಿಸುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗವನ್ನು ಬೇಡುವುದರಿಂದ ಸರಳು ಉಬ್ಬಿ, ಸುತ್ತಲಿನ ಕಾಂಕ್ರೀಟನ್ನು ಸೀಳಿ, ಚಕ್ಕೆಚಕ್ಕೆಯಾಗಿ ಉದುರಿಸುತ್ತದೆ. ಬಿರುಕು ದೊಡ್ಡದಾದಂತೆ ಉಪ್ಪುನೀರು ಇನ್ನಷ್ಟು ಒಳಕ್ಕೆ ಹೋಗುತ್ತದೆ. ವಾಸವಿರುವ ಕಟ್ಟಡದಲ್ಲಿ ಇದನ್ನು ಆಗಾಗ ದುರಸ್ತಿ ಮಾಡುತ್ತಾರೆ. ಇಲ್ಲಿ ಅರ್ಧ ಶತಮಾನ ಯಾರೂ ಮಾಡಿಲ್ಲ. ತಾರಸಿಯ ನೀರುಕಂಡಿಗಳು ಮುಚ್ಚಿಹೋಗಿ ಮಳೆನೀರು ನಿಲ್ಲುತ್ತದೆ, ಬಿರುಕುಗಳಲ್ಲಿ ಗಿಡಗಳ ಬೇರು ಇಳಿಯುತ್ತದೆ. ಒಂದೇ ಬದಿಯ ಆಸರೆಯಲ್ಲಿ ಹೊರಚಾಚಿರುವ ಬಾಲ್ಕನಿಗಳು ಮೊದಲು ಬೀಳುತ್ತವೆ. ಆದ್ದರಿಂದ ಒಳಗೆ ಕಾಲಿಡದಿದ್ದರೆ ಸಾಲದು, ಗೋಡೆಗೆ ಒತ್ತಿ ನಡೆಯಲೂ ಬಾರದು.

ಛಾಯಾಚಿತ್ರ ತೆಗೆಯಬಹುದೆ?

ತೆರೆದ ಬೀದಿಗಳಲ್ಲಿ ತೆಗೆಯಬಹುದು. ಸೈನಿಕರು, ಸೇನೆಯ ವಾಹನ, ಕಾವಲು ಗೋಪುರ, ಮುಚ್ಚಿದ ವಲಯದ ಬೇಲಿ ಇವುಗಳತ್ತ ಕ್ಯಾಮೆರಾ ತಿರುಗಿಸಬೇಡಿ. ನಿಷೇಧದ ಫಲಕವಿರುವಲ್ಲಿ ವಾದಕ್ಕೂ ಇಳಿಯಬೇಡಿ. ಅನುಮತಿಯಿಲ್ಲದೆ ಡ್ರೋನ್ ಹಾರಿಸುವಂತಿಲ್ಲ. ಇನ್ನು ತಮ್ಮ ಹಳೆಯ ಮನೆಯ ಎದುರು ನಿಂತು ಕಣ್ಣೊರೆಸಿಕೊಳ್ಳುವ ವೃದ್ಧರು ನಿಮ್ಮ ಚಿತ್ರಕ್ಕೆ ವಸ್ತುವಲ್ಲ ಎಂಬುದನ್ನು ಯಾವ ಫಲಕವೂ ಹೇಳುವುದಿಲ್ಲ, ಆದರೂ ಪಾಲಿಸಬೇಕಾದ ನಿಯಮವದು.

ಕಡಲಲ್ಲಿ ಈಜಬಹುದೆ?

ತೆರೆದಿರುವ ತೀರದಲ್ಲಿ ಈಜಲು ಅವಕಾಶವಿದೆ. ನೀರು ತಿಳಿ, ಮರಳು ನಯ. ಬೆಳಿಗ್ಗೆ ಹೋಗುವುದು ಮೇಲು, ಏಕೆಂದರೆ ತೀರ ಪೂರ್ವಾಭಿಮುಖವಾಗಿದ್ದು, ಮಧ್ಯಾಹ್ನ ಕಳೆದಂತೆ ಹಿಂದಿರುವ ಬಹುಮಹಡಿ ಕಟ್ಟಡಗಳ ನೆರಳು ಮರಳಿನ ಮೇಲೆ ಚಾಚಿಕೊಳ್ಳುತ್ತದೆ. ಸಮುದ್ರಕ್ಕೆ ಇಷ್ಟು ಹತ್ತಿರ ಇಷ್ಟು ಎತ್ತರಕ್ಕೆ ಕಟ್ಟಿದ್ದು ಅಂದಿನ ಯೋಜಕರ ದುರಾಸೆಯ ಫಲ. ಊರು ಬದುಕಿದ್ದರೂ ಈ ದೂರು ಇದ್ದೇ ಇರುತ್ತಿತ್ತು. ಜನಸಂಚಾರವಿಲ್ಲದ ವರ್ಷಗಳಲ್ಲಿ ಈ ತೀರದಲ್ಲಿ ಕಡಲಾಮೆಗಳು ಮೊಟ್ಟೆಯಿಡುತ್ತಿದ್ದುದು ವರದಿಯಾಗಿದೆ. ಗೂಡಿನ ಗುರುತುಗಳು ಕಂಡರೆ ದೂರವಿರಿ.

ಇನ್ನೊಬ್ಬರ ಸಂಕಟವನ್ನು ನೋಡಲು ಹೋಗುವುದು ಸರಿಯೆ?

ಇದನ್ನು ಕೇಳಿಕೊಳ್ಳದೆ ಹೋಗುವವರೇ ಹೆಚ್ಚು. ಸೈಪ್ರಸ್ ಗಣರಾಜ್ಯ ಮತ್ತು ಹಲವು ಮೂಲ ನಿವಾಸಿಗಳ ದೃಷ್ಟಿಯಲ್ಲಿ 2020ರ ತೆರೆಯುವಿಕೆಯೇ ಭದ್ರತಾ ಮಂಡಳಿಯ ನಿರ್ಣಯಗಳ ಉಲ್ಲಂಘನೆ. ಪ್ರವಾಸಿಗಳು ಬಂದಷ್ಟೂ ಆ ಉಲ್ಲಂಘನೆ ಮಾಮೂಲಿನ ಸಂಗತಿಯಾಗುತ್ತದೆಂಬುದು ಅವರ ನೋವು. ಮೂಲ ನಿವಾಸಿಗಳಲ್ಲೇ ಕೆಲವರು ಇದಕ್ಕೆ ವಿರುದ್ಧವಾಗಿ ತಾವೂ ಬಂದು, ಮಕ್ಕಳಿಗೆ ಮನೆ ತೋರಿಸಿ ಹೋಗುತ್ತಾರೆ. ಕೆಲವರು ಹಗ್ಗದ ಈಚೆಗೆ ಪರದೇಶಿಯಂತೆ ನಿಂತು ನೋಡಲಾರೆನೆಂದು ಬರುವುದೇ ಇಲ್ಲ. ಉತ್ತರದಲ್ಲಿಯೂ ಅಭಿಪ್ರಾಯ ಒಂದೇ ಅಲ್ಲ. ಈ ತೆರೆಯುವಿಕೆಯನ್ನು ವಿರೋಧಿಸಿದ ತುರ್ಕಿ ಸೈಪ್ರಿಯಟರೂ ಇದ್ದಾರೆ, ಮತ್ತು 1963ರಲ್ಲಿಯೋ 1974ರಲ್ಲಿಯೋ ದಕ್ಷಿಣದ ಮನೆಗಳನ್ನು ಕಳೆದುಕೊಂಡ ಅವರಿಗೆ ಈ ಬೀದಿಗಳು ಇನ್ನೊಂದು ಬಗೆಯಲ್ಲಿ ಪರಿಚಿತ. 1974ರ ನಂತರ 1,50,000ಕ್ಕೂ ಹೆಚ್ಚು ಗ್ರೀಕ್ ಸೈಪ್ರಿಯಟರು ದಕ್ಷಿಣಕ್ಕೂ 40,000ಕ್ಕೂ ಹೆಚ್ಚು ತುರ್ಕಿ ಸೈಪ್ರಿಯಟರು ಉತ್ತರಕ್ಕೂ ನೆಲೆ ಬದಲಿಸಬೇಕಾಯಿತು. ಅರವತ್ತು ಮತ್ತು ಎಪ್ಪತ್ತರ ದಶಕಗಳ ಹಿಂಸೆಯಲ್ಲಿ ನಾಪತ್ತೆಯಾದವರೆಂದು ಸಂಬಂಧಪಟ್ಟ ಸಮಿತಿಯ ಪಟ್ಟಿಯಲ್ಲಿರುವವರು 2,002 ಮಂದಿ. 1,510 ಗ್ರೀಕ್ ಸೈಪ್ರಿಯಟರು, 492 ತುರ್ಕಿ ಸೈಪ್ರಿಯಟರು.

ನಮ್ಮ ಅಭಿಪ್ರಾಯವನ್ನು ಕೇಳಿದರೆ, ಹೋಗುವುದರಲ್ಲಿ ತಪ್ಪಿಲ್ಲ. ಆದರೆ ಇದನ್ನು ಪುರಾತನ ಅವಶೇಷವೆಂದು ಭಾವಿಸಿ ಹೋಗುವುದು ತಪ್ಪು. ಹಂಪಿಯ ಬಜಾರಿನಲ್ಲಿ ಯಾವ ಅಂಗಡಿ ಯಾರದೆಂದು ಇಂದು ಹೇಳಲಾಗದು. ಇಲ್ಲಿ ಹೇಳಬಲ್ಲವರಿದ್ದಾರೆ, ಅವರ ಬಳಿ ಪತ್ರಗಳೂ ಇವೆ. ಹಗ್ಗದ ಮುಂದೆ ಹಾರಿ ಕುಣಿದು ವಿಡಿಯೊ ಮಾಡುವವರಿಗೆ ಈ ಒಂದು ಸಂಗತಿ ತಿಳಿದಿದ್ದರೆ ಕಾಲು ತಾನಾಗಿ ನಿಲ್ಲಬಹುದು. ನೆಲದಲ್ಲಿ ಬಿದ್ದ ಹೆಂಚಿನ ಚೂರು, ಬೀಗದ ಕೈ, ಸೀಸೆ ಏನನ್ನೂ ನೆನಪಿಗೆಂದು ಜೇಬಿಗೆ ಹಾಕಿಕೊಳ್ಳಬೇಡಿ.

ಮಾಲೀಕರಿಗೆ ನ್ಯಾಯಾಲಯದಲ್ಲಿ ಏನಾದರೂ ಪರಿಹಾರ ಸಿಕ್ಕಿದೆಯೆ?

ಬೇಲಿಯೊಳಗಿನ ಮನೆಯ ಮಾಲೀಕರೊಬ್ಬರು ಹೂಡಿದ ಮೊಕದ್ದಮೆಯಲ್ಲಿ ಐರೋಪ್ಯ ಮಾನವ ಹಕ್ಕುಗಳ ನ್ಯಾಯಾಲಯವು 2005ರಲ್ಲಿ ತುರ್ಕಿಯ ವಿರುದ್ಧ ತೀರ್ಪು ನೀಡಿತು. ಅದರ ಬೆನ್ನಿಗೆ ಉತ್ತರದಲ್ಲಿ ಸ್ಥಿರಾಸ್ತಿ ಆಯೋಗವೊಂದು ಕೆಲಸ ಆರಂಭಿಸಿತು; 2010ರಲ್ಲಿ ಅದೇ ನ್ಯಾಯಾಲಯ ಆಯೋಗವನ್ನು ಪರಿಣಾಮಕಾರಿ ಪರಿಹಾರ ಮಾರ್ಗವೆಂದು ಒಪ್ಪಿತು. ಇತ್ತ ಒಟ್ಟೊಮನ್ ಕಾಲದ ಧಾರ್ಮಿಕ ದತ್ತಿಗಳನ್ನು ನೋಡಿಕೊಳ್ಳುವ ಎವ್ಕಾಫ್ ಸಂಸ್ಥೆಯು ವರೋಶಾದ ನೆಲ ಮೂಲತಃ ತನ್ನದೆಂದು ವಾದಿಸುತ್ತಿದೆ. ಆಯೋಗಕ್ಕೆ ಅರ್ಜಿ ಹಾಕಿದರೆ ಉತ್ತರದ ಆಡಳಿತವನ್ನು ಒಪ್ಪಿದಂತಾಗುತ್ತದೆಯೇ ಎಂಬ ಸಂದಿಗ್ಧದಲ್ಲಿ ಅನೇಕ ಕುಟುಂಬಗಳು ಸಿಲುಕಿವೆ.

ಉತ್ತರದ ಕರಾವಳಿಯಲ್ಲಿ ಅಗ್ಗದ ಮನೆಗಳ ಜಾಹೀರಾತು ಕಂಡೆವು. ಕೊಳ್ಳಬಹುದೆ?

ಕೊಳ್ಳಬೇಡಿ. ನಿರಾಶ್ರಿತರ ನೆಲವನ್ನು ಮಾಲೀಕರ ಒಪ್ಪಿಗೆಯಿಲ್ಲದೆ ಮಾರುವುದೂ ಕೊಳ್ಳುವುದೂ ಸೈಪ್ರಸ್ ಗಣರಾಜ್ಯದ ಕಾನೂನಿನಲ್ಲಿ ಏಳು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದಾದ ಅಪರಾಧ.

ಎಷ್ಟು ಹೊತ್ತು ಬೇಕು? ಯಾವ ತಿಂಗಳು ಒಳ್ಳೆಯದು? ಮಕ್ಕಳನ್ನು ಕರೆದೊಯ್ಯಬಹುದೆ?

ನಡೆದೇ ನೋಡುವವರಿಗೆ ಎರಡು ಮೂರು ತಾಸು ಸಾಕು. ವಸಂತ ಮತ್ತು ಶರತ್ಕಾಲಗಳು ಹಿತ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಬಿಸಿಲು ಸುಡುತ್ತದೆ. ಬೀದಿಗಳಲ್ಲಿ ನೆರಳು ಕಡಿಮೆ, ಇರುವ ನೆರಳೂ ಶಿಥಿಲ ಗೋಡೆಗಳದ್ದು. ನೀರು, ಟೋಪಿ, ಗಟ್ಟಿ ಅಟ್ಟೆಯ ಪಾದರಕ್ಷೆ ಇರಲಿ. ರಸ್ತೆ ಸಮತಟ್ಟಾಗಿರುವುದರಿಂದ ವೃದ್ಧರಿಗೆ ತೊಂದರೆಯಿಲ್ಲ. ಮಕ್ಕಳ ಕೈ ಮಾತ್ರ ಬಿಡಬೇಡಿ.

ಅಲ್ಲಿಯವರೊಡನೆ ಮಾತನಾಡುವಾಗ ಏನನ್ನು ಗಮನಿಸಬೇಕು?

ಎರಡೂ ಕಡೆ ಇಂಗ್ಲಿಷ್ ನಡೆಯುತ್ತದೆ. ದಕ್ಷಿಣದವರು 1974ರ ಘಟನೆಯನ್ನು ಆಕ್ರಮಣವೆಂದೂ ಉತ್ತರದವರು ಶಾಂತಿ ಕಾರ್ಯಾಚರಣೆಯೆಂದೂ ಕರೆಯುತ್ತಾರೆ. ತೀರ್ಪು ಕೊಡಲು ಹೋಗದೆ ಕೇಳಿಸಿಕೊಂಡರೆ ಎರಡೂ ಕಡೆಯವರು ಧಾರಾಳವಾಗಿ ಮಾತನಾಡುತ್ತಾರೆ.

ಈ ಊರಿಗೂ ನಮಗೂ ಏನಾದರೂ ನಂಟಿದೆಯೆ?

ಕನ್ನಡಿಗರಿಗೆ ನೇರವಾದ ನಂಟೇ ಇದೆ. ದ್ವೀಪವನ್ನು ಇಬ್ಭಾಗಿಸುವ, ಸುಮಾರು 180 ಕಿಲೋಮೀಟರು ಉದ್ದದ ನಡುವಲಯವನ್ನು ಕಾಯುತ್ತಿರುವುದು 1964ರಲ್ಲಿ ರಚನೆಯಾದ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆ. ಅದರ ಮೊದಲ ಮುಖ್ಯಸ್ಥರು ಭಾರತದ ಪಿ. ಎಸ್. ಗ್ಯಾನಿ. ಅವರ ನಂತರ ಬಂದವರು ಕೊಡಗಿನ ಜನರಲ್ ಕೆ. ಎಸ್. ತಿಮ್ಮಯ್ಯ. 1965ರ ಡಿಸೆಂಬರ್ 18ರಂದು ಅವರು ಸೈಪ್ರಸ್‌ನಲ್ಲೇ, ಕರ್ತವ್ಯದಲ್ಲಿದ್ದಾಗಲೇ ನಿಧನರಾದರು. ಮರುವರ್ಷ ಸೈಪ್ರಸ್ ಅವರ ನೆನಪಿಗೆ ಅಂಚೆಚೀಟಿಯನ್ನು ಹೊರತಂದಿತು. ವರೋಶಾ ಬರಿದಾದ 1974ರ ಬೇಸಿಗೆಯಲ್ಲಿ ಪಡೆಯ ನೇತೃತ್ವ ವಹಿಸಿದ್ದವರೂ ಭಾರತೀಯರೇ, ದಿವಾನ್ ಪ್ರೇಮ್‌ಚಂದ್.

ಅದೇ ದಿನ ಇನ್ನೇನು ನೋಡಬಹುದು?

ಫಮಗುಸ್ತಾದ ಹಳೆಯ ಕೋಟೆ ಪಕ್ಕದಲ್ಲೇ ಇದೆ. ವೆನಿಸ್‌ನವರು ಕಟ್ಟಿಸಿದ ಗೋಡೆಗಳು, ಒಥೆಲೊ ಗೋಪುರವೆಂದು ಹೆಸರಾದ ಕೊತ್ತಲ, ಹದಿನಾಲ್ಕನೆಯ ಶತಮಾನದಲ್ಲಿ ಸೇಂಟ್ ನಿಕೊಲಸ್ ಕೆಥೆಡ್ರಲ್ ಆಗಿ ಕಟ್ಟಿ ಆಮೇಲೆ ಲಾಲಾ ಮುಸ್ತಫಾ ಪಾಷಾ ಮಸೀದಿಯಾದ ಗಾಥಿಕ್ ಕಟ್ಟಡ ಅಲ್ಲಿವೆ. ಕೆಲವು ಕಿಲೋಮೀಟರು ಉತ್ತರಕ್ಕೆ ಪ್ರಾಚೀನ ಸಲಾಮಿಸ್ ನಗರದ ರಂಗಮಂದಿರ, ಸ್ನಾನಗೃಹಗಳ ಅವಶೇಷಗಳಿವೆ. ಸಮಯ ಕಡಿಮೆಯಿದ್ದರೆ ಸಲಾಮಿಸ್ ಬಿಟ್ಟು ಕೋಟೆಯನ್ನು ನೋಡಿ. ವರೋಶಾ ಹುಟ್ಟಿದ್ದು ಏಕೆಂಬುದು ಆ ಗೋಡೆಗಳ ಮೇಲೆ ನಿಂತಾಗ ಅರ್ಥವಾಗುತ್ತದೆ.

ಗೆರೆ ದಾಟಲು ಮನಸ್ಸಿಲ್ಲದವರು ದೂರದಿಂದ ನೋಡಬಹುದೆ?

ನೋಡಬಹುದು, ಮತ್ತು ಅನೇಕರು ಇದನ್ನೇ ಆರಿಸಿಕೊಳ್ಳುತ್ತಾರೆ. ನಡುವಲಯದ ಅಂಚಿಗೆ, ಗಣರಾಜ್ಯದ ನಿಯಂತ್ರಣದಲ್ಲಿರುವ ದೆರಿನಿಯಾ ಗ್ರಾಮದ ಸಾಂಸ್ಕೃತಿಕ ಕೇಂದ್ರದಿಂದ ಹೋಟೆಲುಗಳ ಇಡೀ ಸಾಲು ಕಾಣುತ್ತದೆ; ದುರ್ಬೀನು ಕೊಡುತ್ತಾರೆ, ಊರಿನ ಹಿಂದಿನ ಚಿತ್ರಗಳನ್ನೂ ತೋರಿಸುತ್ತಾರೆ. ಬೇಲಿ ತೆರೆಯುವ ಮೊದಲು ವರ್ಷಗಳ ಕಾಲ ಹಳೆಯ ನಿವಾಸಿಗಳಿಗೂ ಇದೇ ದಾರಿಯಾಗಿತ್ತು. ಸಂಜೆಯ ಹೊತ್ತು ಪಶ್ಚಿಮದ ಬಿಸಿಲು ಕಟ್ಟಡಗಳ ಮೇಲೆ ನೇರವಾಗಿ ಬೀಳುವುದರಿಂದ ನೋಟ ಸ್ಪಷ್ಟವಾಗಿರುತ್ತದೆ. 1974ರ ಬಳಿಕ ವರೋಶಾದ ಪ್ರವಾಸೋದ್ಯಮಕ್ಕೆ ಬದಲಿಯಾಗಿ ಬೆಳೆದ ಆಯಿಯಾ ನಾಪಾ ಮತ್ತು ಪ್ರೊಟಾರಾಸ್ ಇಲ್ಲಿಂದ ದೂರವಿಲ್ಲ. ತಂಗಲು ಅಲ್ಲಿ ಎಲ್ಲ ಬಗೆಯ ಕೋಣೆಗಳು ಸಿಗುತ್ತವೆ. ದೆರಿನಿಯಾದವರೆಗೆ ಬರುವುದಕ್ಕೆ ಚೆಕ್‌ಪೋಸ್ಟ್ ದಾಟಬೇಕಿಲ್ಲವಾದ್ದರಿಂದ ಬಾಡಿಗೆ ಕಾರಿನ ದಕ್ಷಿಣದ ವಿಮೆಯೇ ಸಾಕಾಗುತ್ತದೆ.